ಆಡುವವನೇ ಒಡೆಯನಾದರೆ

ಔರಾದಿನ ಅಮರೇಶ್ವರ ಜಾತ್ರೆ ಮುಗಿಸಿ ಬೀದರಿಗೆ ಮರಳುತ್ತಿದ್ದ ಬಸ್ಸಿನಲ್ಲಿ ಕುಸ್ತಿ-ಕಬಡ್ಡಿಗಳ ಮಾತೇ ಮಾತು. ಭಾಲ್ಕಿಯ ತೊಗರಿ ವ್ಯಾಪಾರಿಯೊಬ್ಬರು ಮಾತ್ರ ಚಿಂತೆಯಲ್ಲಿ ಮುಳುಗಿದ್ದರು. ಊರಿನ ಕಬಡ್ಡಿ ತಂಡಕ್ಕೆ ಅವರ ಮಗನೇ ಹುಲಿ. ಕೂಡಿಟ್ಟ ಐವತ್ತು ಸಾವಿರ ರೂಪಾಯಿಗಳನ್ನು ಆ ತಂಡದಲ್ಲಿಯೇ ತೊಡಗಿಸಿ ಪಾಲುದಾರನಾಗುವೆನೆಂದು ಅವನು ಹಟ ಹಿಡಿದಿದ್ದ.

“ಹುಡುಗ ಅನ್ನೂದು ಖರೇನೇ ಅದ, ಮಾಸ್ತರರೇ. ಆದರೂ ಮನಸ್ಸು ಒಪ್ಪಲ್ದು,” ಎಂದು ಅವರು ಪಕ್ಕದಲ್ಲಿದ್ದ ಬೀದರಿನ ನಿವೃತ್ತ ಉಪಾಧ್ಯಾಯರಲ್ಲಿ ತೋಡಿಕೊಂಡರು.

ಮಾಸ್ತರರು ಹುಡುಗನನ್ನು ಹಳಿಯಲಿಲ್ಲ. ಕೆನಡದ ಐಸ್ ಹಾಕಿ ವೀರ ಮಾರಿಯೊ ಲೆಮ್ಯೂನಿಗೆ ಪಿಟ್ಸ್‌ಬರ್ಗ್ ತಂಡವು ಸಂಬಳದ ಬಾಕಿ ಉಳಿಸಿಕೊಂಡು ದಿವಾಳಿಯೆದ್ದಿತ್ತು. ಆ ಬಾಕಿಯನ್ನೇ ಬಂಡವಾಳವಾಗಿಸಿ ೧೯೯೯ರಲ್ಲಿ ಆತ ಒಡೆಯನಾದ. ೨೦೦೦ದ ಡಿಸೆಂಬರಿನಲ್ಲಿ ಮತ್ತೆ ಕಣಕ್ಕೂ ಇಳಿದ. ತಂಡ ಉಳಿಯಿತು. ೨೦೦೮ರಲ್ಲಿ ರಾಜಸ್ಥಾನ ರಾಯಲ್ಸ್ ತಂಡವನ್ನು ಗೆಲ್ಲಿಸಿದ ಶೇನ್ ವಾರ್ನ್ ಕೂಡ ಆಡಿದ ವರ್ಷಗಳಿಗೆ ಪ್ರತಿಯಾಗಿ ಅದರಲ್ಲಿ ಅಲ್ಪ ಪಾಲು ಪಡೆದಿದ್ದ.

“ಆದರೆ ಸಾಹುಕಾರರೇ, ನಮ್ಮ ರಾಹುಲ್ ದ್ರಾವಿಡರನ್ನು ನೆನೆಯಿರಿ. ೨೦೧೯ರಲ್ಲಿ ಅವರು ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾದಾಗ, ಚೆನ್ನೈ ತಂಡದೊಡನೆ ನಂಟಿದ್ದ ಕಂಪನಿಯಲ್ಲಿ ಅವರಿಗೆ ಹುದ್ದೆಯಿದೆಯೆಂದು ದೂರು ಹೋಯಿತು. ಅವರು ಸಂಬಳವಿಲ್ಲದ ರಜೆಯ ಮೇಲಿದ್ದರು. ನವೆಂಬರಿನಲ್ಲಿ ದೂರು ತಳ್ಳಿಹೋಯಿತು. ಅಂಥ ಕಳಂಕವಿಲ್ಲದವರೂ ಉತ್ತರ ಕೊಡಬೇಕಾಯಿತು. ನಾಳೆ ನಿಮ್ಮ ಮಗ ಸೋತು ಸೊರಗಿದರೂ, ಪಾಲುದಾರನನ್ನು ಹೊರಗೆ ಕೂರಿಸುವ ಧೈರ್ಯ ಯಾರಿಗಿದೆ?”

ವ್ಯಾಪಾರಿಗಳು ಮೌನವಾದರು.

“ಇನ್ನೊಂದು ಮಾತು. ಮೊಣಕಾಲು ಮುರಿದರೆ ಆಟದ ಗಳಿಕೆ ನಿಲ್ಲುತ್ತದೆ. ಅವನಿಲ್ಲದ ತಂಡ ಸೋತರೆ ಹಾಕಿದ ಹಣವೂ ಕರಗುತ್ತದೆ. ಒಂದೇ ಮರದ ನೆರಳನ್ನೂ ಹಣ್ಣನ್ನೂ ನಂಬಿದವನಿಗೆ ಮರ ಬಿದ್ದ ದಿನ ಎರಡೂ ಇಲ್ಲ.”

“ಹಾಗಾದರೆ ಬೇಡವೆನ್ನಲೇ?”

“ಬೇಡವೆನ್ನಬೇಡಿ, ಅದು ಅವನ ಅಭಿಮಾನ. ಹತ್ತು ಸಾವಿರ ಕೊಡಲಿ, ಕಾಣಿಕೆಯೆಂದು ಕೊಡಲಿ. ಉಳಿದುದು ಬ್ಯಾಂಕಿನಲ್ಲಿರಲಿ. ಲೆಕ್ಕ ಎಲ್ಲರೆದುರು ಬರೆಯಲಿ. ಆಟಗಾರರನ್ನು ಆರಿಸುವ ಕೆಲಸ ಮಾತ್ರ ಹಿರಿಯರ ಕೈಯಲ್ಲಿರಲಿ.”

ಬೀದರಿನ ದೀಪಗಳು ಕಾಣತೊಡಗಿದವು. ವ್ಯಾಪಾರಿಗಳು ಮೊಬೈಲು ತೆಗೆದು ಮಗನೊಡನೆ ಮಾತನಾಡಿದರು. ಆ ಬದಿಯಲ್ಲಿ ಬಹಳ ಹೊತ್ತು ಉತ್ತರವಿರಲಿಲ್ಲ. ಕಡೆಗೆ ಕೇಳಿಬಂದ ಪ್ರಶ್ನೆ ಒಂದೇ: “ಕಾಣಿಕೆ ಕೊಟ್ಟ ಮೇಲೆ ನಾನು ಚೆನ್ನಾಗಿ ಆಡದಿದ್ದರೆ, ಅಪ್ಪಾ, ನನ್ನನ್ನೂ ತೆಗೆಯುತ್ತಾರೇನು?”

“ತೆಗೆಯಬೇಕು, ಮಗಾ,” ಎಂದರು ತಂದೆ. ಬೆಳಗಿನಿಂದ ಬಿಗಿದಿದ್ದ ಅವರ ಮುಖ ಆಗ ಸಡಿಲವಾಯಿತು.