ಕೋಟೆಯ ಮನೆಯಲ್ಲಿ ಕೆಮ್ಮಣ್ಣಿನ ಕೈಗಳು

ಶಿವಮೊಗ್ಗೆಯ ಕೋಟೆಯೆಂದೊಡನೆ ಹೊರಗಿನವರು ಬುರುಜು ಕಂದಕಗಳನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಬರುವುದುಂಟು. ಅಂತಹವರಿಗೆ ಇಲ್ಲಿ ಕೊಂಚ ನಿರಾಶೆಯೇ ಆಗುವುದು. ಈಗ ಕೋಟೆಯೆಂಬುದು ತುಂಗೆಯ ದಡದಲ್ಲಿರುವ ಒಂದು ಬೀದಿಗಟ್ಟಿನ ಹೆಸರು. ಇಲ್ಲಿ ಸೀತಾರಾಮಾಂಜನೇಯನ ಗುಡಿಯಿದೆ. ಎರಡು ವರ್ಷಕ್ಕೊಮ್ಮೆ ಜಾತ್ರೆ ನಡೆಯುವ ಮಾರಿಕಾಂಬೆಯ ಗುಡಿಯಿದೆ. 1645 ರಿಂದ 1660 ರವರೆಗೆ ಕೆಳದಿಯ ರಾಜ್ಯವನ್ನಾಳಿದ ಶಿವಪ್ಪನಾಯಕನ ಹೆಸರನ್ನು ಹೊತ್ತ, ಮರದ ಕಂಬಗಳ ಅರಮನೆಯೂ ಇದೆ. ಅದೀಗ ಸರಕಾರದ ವಸ್ತುಸಂಗ್ರಹಾಲಯ. ಅದರ ಆವರಣದಲ್ಲಿ ಹಳೆಯ ಶಿಲಾಮೂರ್ತಿಗಳೂ ವೀರಗಲ್ಲುಗಳೂ ಬಿಸಿಲು ಕಾಯುತ್ತ ನಿಂತಿವೆ. ಆದರೆ ನಾವು ಹೇಳಹೊರಟಿರುವುದು ಅರಮನೆಯ ಸಮಾಚಾರವನ್ನಲ್ಲ. ಅದಕ್ಕೆ ಸಮೀಪದ ಓಣಿಯೊಂದರಲ್ಲಿರುವ ನಮ್ಮ ಮನೆಯ ಗೋಡೆಯೊಂದರ ಸಮಾಚಾರವನ್ನು.

ಮಲೆನಾಡಿನ ಅಂಚಿನ ಊರಿನಲ್ಲಿ ಆಶ್ವಯುಜ ಮಾಸವು ಬಿಡುಗಡೆಯ ಕಾಲ. ಮಳೆಗಾಲವೆಲ್ಲ ಕೆಂಪಾಗಿ ಮೊರೆಯುತ್ತಿದ್ದ ತುಂಗೆ ಆಗ ಇಳಿದು ತಿಳಿಯಾಗುತ್ತಾಳೆ. ತಿಂಗಳುಗಟ್ಟಲೆ ಒಳಗೇ ಕುಳಿತಿದ್ದ ಮಕ್ಕಳು ದಸರೆಯ ರಜೆ ಬಂತೆಂದರೆ ಹೊರಗೆ ಹಾರುತ್ತಾರೆ. ನಮ್ಮ ಮನೆಯಲ್ಲಿ ಆರು ವರ್ಷದ ಹುಡುಗಿಯೂ ನಾಲ್ಕು ವರ್ಷದ ಹುಡುಗನೂ ಇದ್ದಾರೆ. ಹೋದ ವರ್ಷದ ರಜೆಯಲ್ಲಿ ಇವರು ಅರಳಿಯ ಎಲೆ, ಹಕ್ಕಿಯ ಗರಿ, ಹೊಳೆಯಲ್ಲಿ ಸವೆದ ಕಲ್ಲು ಇವನ್ನೆಲ್ಲ ಮಡಿಲು ತುಂಬ ತಂದು ನಡುಮನೆಯಲ್ಲಿ ಸುರಿದರು. ತುಳಸಿಯ ಕಟ್ಟೆಗೆ ಬಳಿಯಲೆಂದು ಗಾಂಧಿ ಬಜಾರಿನಿಂದ ಕೆಮ್ಮಣ್ಣು ತಂದಿಟ್ಟಿದ್ದೆವು. ಅದನ್ನು ಕಂಡುಹಿಡಿದು ಕಲಸಿದರು. ಎಲೆಗೆ ಬಳಿದರು, ಕಲ್ಲಿಗೆ ಬಳಿದರು, ಕೊನೆಗೆ ಹುಡುಗಿಯು ತನ್ನ ಅಂಗೈಯನ್ನು ಅದರಲ್ಲಿ ಅದ್ದಿ, ಹಬ್ಬಕ್ಕೆಂದು ಆಗತಾನೆ ಬಣ್ಣ ಹೊಡೆಸಿದ್ದ ಬಿಳಿಯ ಗೋಡೆಗೆ ಒತ್ತಿದಳು.

ಬಣ್ಣಕ್ಕೆ ಸುರಿದ ಹಣವೆಲ್ಲ ನಮ್ಮ ಕಣ್ಣಮುಂದೆ ಬಂತು. ನಾವಿಬ್ಬರೂ ಒಟ್ಟಿಗೆ ಗದರಿದೆವು. ಒದ್ದೆಬಟ್ಟೆಯಿಂದ ಒರಸಹೋಗಿ, ಅಂಗೈಯಗಲದ ಗುರುತನ್ನು ಮೊರದಗಲ ಮಾಡಿದೆವು. ಹುಡುಗಿ ಅಳಲಿಲ್ಲ. ಆದರೆ ಅಂದಿನಿಂದ ಸೀಸದ ಕಡ್ಡಿ ಹಿಡಿದಾಗಲೂ, ಬರೆಯುವುದಕ್ಕೆ ಮುಂಚೆ ನಮ್ಮ ಮುಖ ನೋಡಿ, “ಇಲ್ಲಿ ಬರೀಲಾ?” ಎಂದು ಕೇಳತೊಡಗಿದಳು. ಕಾಗದದ ಮೂಲೆಯಲ್ಲಿ ಹೆಸರುಕಾಳಿನಷ್ಟು ಚಿತ್ರ ಬರೆದು ನಿಲ್ಲಿಸಿಬಿಡುತ್ತಿದ್ದಳು. ಮನೆಯೇನೋ ಚೊಕ್ಕಟವಾಗಿಯೇ ಇತ್ತು. ಆದರೆ ನಮ್ಮ ಮನಸ್ಸಿಗೆ ಸಮಾಧಾನವಿರಲಿಲ್ಲ.

ವಿಜಯದಶಮಿಯ ಮರುದಿನ, ಪರಿಚಯಸ್ಥರ ಕರೆಯ ಮೇರೆಗೆ, ಮಕ್ಕಳೊಡನೆ ಸಾಗರದ ಕಡೆಗೆ ಹೊರಟೆವು. ಆಯನೂರು, ಕುಂಸಿ, ಆನಂದಪುರಗಳನ್ನು ಹಾದು ಸುಮಾರು 70 ಕಿಲೋಮೀಟರು ದೂರದ ದಾರಿ. ಗದ್ದೆಗಳಲ್ಲಿ ಭತ್ತವು ಹೊಡೆಯಾಗಿ ನಿಂತಿತ್ತು. ಈ ಕಾಲದ ಭೂಮಿತಾಯಿಯನ್ನು ಇಲ್ಲಿನ ಒಕ್ಕಲುಮಕ್ಕಳು ತುಂಬು ಬಸುರಿಯೆಂದು ಎಣಿಸುತ್ತಾರೆ. ಆಶ್ವಯುಜದ ಹುಣ್ಣಿಮೆಯಂದು ಬಗೆಬಗೆಯ ಅಡಿಗೆ ಮಾಡಿ, ಬುಟ್ಟಿಯಲ್ಲಿ ಹೊತ್ತು, ಗದ್ದೆಗೆ ಒಯ್ದು ಅವಳ ಬಯಕೆ ತೀರಿಸುತ್ತಾರೆ. ಇದೇ ಭೂಮಿ ಹುಣ್ಣಿಮೆ. ಬಯಲುಸೀಮೆಯವರು ಸೀಗಿ ಹುಣ್ಣಿಮೆ ಎನ್ನುವರು.

ನಾವು ಹೋದ ಮನೆ ದೀವರದು. ಸಾಗರ ಸೊರಬಗಳ ಕಡೆಯ ದೀವರ ಹೆಣ್ಣುಮಕ್ಕಳ ಚಿತ್ತಾರವನ್ನು ಕೇಳದವರು ಕಡಮೆ. ಮದುವೆಯ ಹಸೆಗೋಡೆಗೆ ಅವರು ಬರೆಯುವ ಚಿತ್ತಾರವು ಹೇಗೋ, ಭೂಮಿ ಹುಣ್ಣಿಮೆಯ ಬುಟ್ಟಿಯೂ ಹಾಗೆಯೇ. ಆ ಮನೆಯ ಅಜ್ಜಿಯು ಜಗಲಿಯಲ್ಲಿ ಕಾಲು ನೀಡಿ ಕುಳಿತು ಬುಟ್ಟಿಯನ್ನು ಅಣಿಮಾಡುತ್ತಿದ್ದಳು. ಹೆಣೆದ ಬುಟ್ಟಿಯ ಸಂದುಗಳು ಮುಚ್ಚುವಂತೆ ಮೊದಲು ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದಿದ್ದಳು. ನೆನೆದ ಅಕ್ಕಿಯನ್ನು ಅರೆದ ಬಿಳಿ ಹಿಟ್ಟಿನಲ್ಲಿ ಪುಂಡಿನಾರಿನ ಕುಂಚವನ್ನು ಅದ್ದಿ, ಎಳೆಯೆಳೆಯಾಗಿ ಗೆರೆ ಎಳೆಯುತ್ತಿದ್ದಳು. ಭತ್ತದ ಸಸಿ, ಮನುಷ್ಯರು, ಎತ್ತುಗಳು ಒಂದೊಂದಾಗಿ ಮೂಡುತ್ತಿದ್ದವು. ಕಪ್ಪು ಬೇಕಾದರೆ ಕರಿಕಾಗುವಂತೆ ಹುರಿದ ಅಕ್ಕಿ. ಹಳದಿ ಬೇಕಾದರೆ ಗುರಿಗೆ ಬೀಜ. ಡಬ್ಬಿಯ ಬಣ್ಣ ಒಂದೂ ಇರಲಿಲ್ಲ.

ಆಕೆ ನಮ್ಮ ಹುಡುಗಿಯ ಕೈಗೆ ಕುಂಚ ಕೊಟ್ಟಳು. ಹುಡುಗಿ ನಮ್ಮ ಮುಖ ನೋಡಿದಳು. ಅಳುಕುತ್ತಲೇ ಒಂದು ಗೆರೆ ಎಳೆದಳು. ಅಷ್ಟರಲ್ಲಿ ತಮ್ಮನ ಮೊಣಕೈ ತಗುಲಿ, ಅಜ್ಜಿ ಬರೆದಿದ್ದ ಅರ್ಧ ಚಿತ್ತಾರವೇ ಕಲಸಿಹೋಯಿತು. ನಾವು ಗಾಬರಿಯಿಂದ ಎದ್ದುನಿಂತೆವು. ಅಜ್ಜಿ ಮಾತ್ರ ನಕ್ಕಳು: “ಹೆದರಬ್ಯಾಡ ಮಗಾ. ಕೆಮ್ಮಣ್ಣು ಐತಲ್ಲ, ಮತ್ತೆ ಬಳದ್ರಾತು.” ಹಾಗೆಂದು ಕೆಟ್ಟ ಜಾಗಕ್ಕೆ ಕೆಮ್ಮಣ್ಣು ಸವರಿ, ಅದು ಒಣಗುವವರೆಗೆ ಎಲೆಯಡಿಕೆ ಹಾಕಿಕೊಂಡು, ಪುನಃ ಬರೆಯತೊಡಗಿದಳು.

ಹಿಂದಿರುಗುವಾಗ ದಾರಿಯುದ್ದಕ್ಕೂ ನಮಗೆ ಅದೇ ಯೋಚನೆ. ಆ ಅಜ್ಜಿಯ ತಾಳ್ಮೆ ದೊಡ್ಡದು, ನಮ್ಮದು ಸಣ್ಣದು ಎಂದಿಷ್ಟಕ್ಕೇ ಬಿಟ್ಟರೆ ಮಾತು ಮುಗಿಯುವುದಿಲ್ಲ. ಆಕೆಯ ಜಗಲಿ ಸಗಣಿಯಿಂದ ಸಾರಿಸಿದ್ದು, ಗೋಡೆ ಮಣ್ಣಿನದು. ಹಬ್ಬ ಬಂದಾಗಲೆಲ್ಲ ಅವನ್ನು ಕೈಯಿಂದಲೇ ಹೊಸದು ಮಾಡುವುದು ರೂಢಿ. ಮತ್ತೆ ಮಾಡಬಹುದಾದ ಗೋಡೆಗೆ ಕಲೆಯ ಭಯವಿಲ್ಲ. ನಮ್ಮ ಗೋಡೆಗೋ ಹತ್ತು ವರ್ಷಕ್ಕೊಮ್ಮೆ ಹಣ ತೆತ್ತು, ಬೇರೆಯವರ ಕೈಯಿಂದ ಬಣ್ಣ ಹೊಡೆಸುತ್ತೇವೆ. ಅದರ ಮೇಲೆ ಬಿದ್ದದ್ದೆಲ್ಲ ನಮಗೆ ನಷ್ಟವಾಗಿಯೇ ಕಾಣುತ್ತದೆ. ಹೀಗಾಗಿ ಮಗುವಿನ ಕೈಗೆ ಎಡೆಯಿಲ್ಲದಂತಾಯಿತು.

ಕೋಟೆಗೆ ಮರಳಿದವರು ಹಿತ್ತಲ ಜಗಲಿಯ ಗೋಡೆಯಲ್ಲಿ, ನೆಲದಿಂದ ಮೂರಡಿ ಎತ್ತರದವರೆಗೆ, ಮಕ್ಕಳಿಗೆಂದು ಬಿಟ್ಟುಕೊಟ್ಟೆವು. ಅಲ್ಲಿದ್ದ ಬಣ್ಣವನ್ನು ಕೆರೆದು ಕೆಮ್ಮಣ್ಣು ಬಳಿದೆವು, ಬಳಿದವರು ಮಕ್ಕಳೇ. ಗೃಹಿಣಿಯರಿಗೆ ಉಪಯೋಗವಾದೀತೆಂದು ನಮ್ಮ ಅನುಭವವನ್ನು ಇಲ್ಲಿ ಹೇಳುತ್ತೇವೆ. ನೆಲಕ್ಕೆ ಹಳೆಯ ಗೋಣಿಚೀಲ ಹಾಸಬೇಕು. ಮಕ್ಕಳಿಗೆ ಹಳೆಯ ಬಟ್ಟೆ ತೊಡಿಸಬೇಕು. ಅಕ್ಕಿಯನ್ನು ಚೆನ್ನಾಗಿ ನೆನೆಸಿ ನುಣ್ಣಗೆ ಅರೆದು, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿಕೊಂಡರೆ ಗೆರೆ ಸಲೀಸಾಗಿ ಬರುವುದು. ಪುಂಡಿನಾರು ದೊರೆಯದಿದ್ದರೆ ಕಡ್ಡಿಯ ತುದಿಗೆ ಹತ್ತಿ ಸುತ್ತಿದರೂ ಸಾಕು. ಒಂದು ತಂಬಿಗೆ ನೀರೂ ಒರಸುವ ಬಟ್ಟೆಯೂ ಮಗುವಿನ ಕೈಗೆಟಕುವಂತಿರಲಿ. ತೊಳೆಯುವ ಕೆಲಸವೂ ಆಟದ ಭಾಗವೆಂದು ಮಕ್ಕಳು ಬೇಗ ಕಲಿಯುತ್ತಾರೆ. ಚಿಕ್ಕವನು ಕೈಯನ್ನು ಬಾಯಿಗಿಡದಂತೆ ಒಬ್ಬರು ಹತ್ತಿರವಿರಲೇಬೇಕು. ಬಿಸಿಲೇರುವ ಮುಂಚೆ ಆರಂಭಿಸಿದರೆ ಊಟದ ಹೊತ್ತಿಗೆ ಎಲ್ಲ ಒಣಗಿ, ಜಗಲಿ ಗುಡಿಸಿ ಮುಗಿಯುವುದು.

ಹುಣ್ಣಿಮೆಯ ದಿನ ಮನೆಯ ಹಳೆಯ ಬುಟ್ಟಿಯೊಂದು ಮಕ್ಕಳ ಕೈಯಲ್ಲಿ ಸಿಂಗಾರಗೊಂಡಿತು. ಅದರ ಎತ್ತಿಗೆ ಐದು ಕಾಲಿದ್ದವು. ಅದರಲ್ಲಿ ಕಡುಬನ್ನಿಟ್ಟೆವು. ನಮಗೆ ಗದ್ದೆಯಿಲ್ಲ, ಹಿತ್ತಲ ಬಾಳೆಯ ಬುಡವೇ ಅಂದು ನಮ್ಮ ಗದ್ದೆಯಾಯಿತು.

ಆದರೂ ಹುಡುಗಿ ಆ ವರ್ಷವೆಲ್ಲ ಕೇಳಿಯೇ ಬರೆದಳು. ಗದರಿದ್ದು ಒಂದು ಕ್ಷಣ. ಅದರ ಅಳುಕು ಇಳಿಯಲು ವರುಷ ಬೇಕಾಯಿತು. ಈ ದಸರೆಗೆ ಮಕ್ಕಳು ಜಗಲಿಯ ಗೋಡೆಯ ಹಳೆಯ ಚಿತ್ರಗಳ ಮೇಲೆ ಹೊಸ ಕೆಮ್ಮಣ್ಣು ಬಳಿದರು. ಅದು ಆರುವುದಕ್ಕೆ ಮುಂಚೆಯೇ ಹುಡುಗಿ ಹಿಟ್ಟಿನ ಬಟ್ಟಲಿನಲ್ಲಿ ಕೈಯದ್ದಿ ಗೋಡೆಯತ್ತ ತಿರುಗಿದಳು. ನಾವು ಬಾಗಿಲಲ್ಲಿ ನಿಂತಿದ್ದೆವು. ಅವಳು ನಮ್ಮತ್ತ ನೋಡಲಿಲ್ಲ, ಕೇಳಲೂ ಇಲ್ಲ.