ಬೆಳಿಯೂ ಹುಡುಗಿಗೆ ಇನ್ನೊಂದು ಮಡಿಕಿ

"ತಮ್ಮಾ, ಕೆಳಗ ಇನ್ನೊಂದು ಮಡಿಕಿ ಹಿಡಿಯಪಾ, ಬೆಳಿಯೂ ಹುಡುಗಿ ಅದ." ಸಿಂದಗಿ ಬಜಾರದಾಗ ಟೇಲರ್ ಅಂಗಡಿ ಮುಂದ ಒಬ್ಬ ಆಯಿ ಮೊಮ್ಮಗಳಿಗೆ ಖಣದ ಪರಕಾರ ಹೊಲಿಸಾಕ ನಿಂತಿದ್ಲು. ಈಗಷ್ಟ ಕೇಳಿದ ಮಾತು, ತಲಿಯಾಗಿಂದ ಹೋಗವಲ್ದು.

ನಡಕ್ಕ ಹಿಡಿಯೂ ನಿರಿಗಿ ಚಂದಕ್ಕ, ಓಡ್ಯಾಡಾಕ ಸಡಿಲ ಇರ್ಲಿ ಅಂತ. ಒಂದಕ್ಕೊಂದು ತಾಗಿಸಿ ಪೂರ್ತಿ ನಿರಿಗಿ ಹಿಡದ್ರ ನಡದ ಅಳತಿ ಮೂರು ಪಟ್ಟು ಅರಿವಿ ಬೇಕು. 20 ಇಂಚಿನ ನಡಕ್ಕ 60 ಇಂಚು. ಗುಳೇದಗುಡ್ಡ ಖಣದ ಪನ್ನಾ ಮೊದಲೇ ಸಣ್ಣದು, ತುಂಡು ಕೂಡಿಸೂದ ಒಂದು ಕೆಲಸ. ಆದ್ರ ಅಂಚಿನ ಮ್ಯಾಲ ಅಡ್ಡ ಹಿಡಿಯೂ ಮಡಿಕಿ ಲೆಕ್ಕಾನ ಬ್ಯಾರೆ. ಒಂದು ಇಂಚಿನ ಮಡಿಕಿ ಬಿಚ್ಚಿದ್ರ ಪರಕಾರ ಎರಡು ಇಂಚು ಇಳೀತದ. ದಾರ ಕಿತ್ತು ಇಸ್ತ್ರಿ ಹೊಡದ್ರ ಮುಂದಿನ ಪಂಚಮಿಗೂ ಅದೇ ನಡೀತದ. ಹಳೇ ಮಡಿಕಿ ಗೆರಿ ಮಾತ್ರ ಹೋಗೂದಿಲ್ಲ, ಒಳಗಿನ ಬಣ್ಣ ಗಾಢ ಉಳದಿರತದ. ಅದರ ಮ್ಯಾಲ ಒಂದು ಲೇಸ್ ಹಚ್ಚಿದ್ರ ಮುಗೀತು.

ರೆಡಿಮೇಡ್ ಫ್ರಾಕ್ ತಿರುವಿ ನೋಡ್ರಿ, ಹೊಲಿಗಿ ಆಚೆ ಬಿಚ್ಚಾಕ ಅರಿವೀನ ಇರೂದಿಲ್ಲ. ಹುಡುಗೂರು ಬೆಳೀತಾರ ಅನ್ನೂದು ಹೊಲಿಯವರಿಗೆ ಗೊತ್ತಿಲ್ಲಂತಲ್ಲ, ಗೊತ್ತಿದ್ದ ಹಂಗ ಮಾಡಿರಬೇಕು!

ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯವರ, ನಿಮ್ಮ ಊರ ಟೇಲರ್ ತಾನಾಗೇ ಮಡಿಕಿ ಹಿಡಿತಾನೋ, ನೀವ ಹೇಳಬೇಕೋ? ಮೂರು ಮಡಿಕಿ ಪರಕಾರ ಉಟ್ಟವರು ಇಲ್ಲಿ ಯಾರರ ಇದ್ದೀರೇನು?