ಮೈಸೂರಿನಿಂದ ಬಂದ ಹೆರಾಲ್ಡ್

ಕಾರಿನೊಳಗೆ ಹಾಸಿದ್ದ ರಬ್ಬರ್ ಮ್ಯಾಟ್ ಎತ್ತಿದಾಗ ಅದರ ಜೊತೆ ನೆಲವೂ ಎದ್ದು ಬಂತು. ಕೆಳಗೆ ಕೊಟ್ಟೂರುಪುರದ ಆ ಮನೆಯ ಪೋರ್ಟಿಕೋದ ಸಿಮೆಂಟು, ಅದರ ಮೇಲೆ ಒಂದು ಸತ್ತ ಜಿರಲೆ. ಪಕ್ಕದಲ್ಲಿ ನಿಂತಿದ್ದ ಟಿಂಕರ್ ಮೇಸ್ತ್ರಿ ಸ್ಕ್ರೂಡ್ರೈವರ್ ತೆಗೆದು ಬಾಗಿಲ ಕೆಳಗಿನ ಅಂಚನ್ನು ಮೆಲ್ಲಗೆ ಚುಚ್ಚಿದರು. ಹಪ್ಪಳದ ಮೇಲೆ ಬೆರಳಿಟ್ಟ ಹಾಗೆ ಒಳಗೆ ಹೋಯಿತು. 'ಸಾರ್, ಇದರಲ್ಲಿ ಪೇಂಟೇ ಜಾಸ್ತಿ ಇದೆ, ತಗಡು ಕಮ್ಮಿ' ಅಂದರು.

ಚೆನ್ನೈಯ ಕನ್ನಡಿಗರ ವಲಯದಲ್ಲಿ ಎಲ್ಲರೂ 'ಹಾಸನದವರು' ಎಂದೇ ಕರೆಯುವ ಆ ಮನುಷ್ಯ ಅಷ್ಟಾದ ಮೇಲೂ ಕಾರು ಕೊಂಡರು. 1960ರ ಟ್ರಯಂಫ್ ಹೆರಾಲ್ಡ್, 948 ಸಿಸಿ, ಕನ್ವರ್ಟಿಬಲ್. ಮೂವತ್ತು ವರ್ಷ ಅಂಬತ್ತೂರಿನಲ್ಲಿ ಲೇತುಗಳ ನಡುವೆ ದುಡಿದು, ನಿವೃತ್ತಿಗೆ ಮೂರು ವರ್ಷ ಬಾಕಿ ಇದ್ದಾಗಿನ ಮಾತು. 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಕೊಟ್ಟೂರುಪುರಕ್ಕೆ ನುಗ್ಗಿದಾಗ ಈ ಕಾರು ಎರಡು ದಿನ ನೀರಿನಲ್ಲಿತ್ತು. ಆದರೆ ಪ್ರವಾಹವನ್ನು ಮಾತ್ರ ದೂರಿದರೆ ತಪ್ಪಾಗುತ್ತದೆ. ಸಮುದ್ರದ ಗಾಳಿ ಅದಕ್ಕೂ ಮೊದಲೇ ಇಪ್ಪತ್ತು ವರ್ಷ ಕೆಲಸ ಮಾಡಿತ್ತು. ಉಪ್ಪು ತಗಡಿನ ಮೇಲಿನ ತೇವವನ್ನು ಆರಲು ಬಿಡುವುದಿಲ್ಲ. ಎರಡು ತಗಡುಗಳನ್ನು ಸೇರಿಸಿ ಸ್ಪಾಟ್ ವೆಲ್ಡ್ ಮಾಡಿದ ಸಂದಿಯಲ್ಲಿ ತುಕ್ಕು ಹುಟ್ಟಿದರೆ, ಅದು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಕೇಳುತ್ತದೆ; ಸಂದಿಯನ್ನೇ ಸೀಳಿ ಇನ್ನಷ್ಟು ನೀರಿಗೆ ದಾರಿ ಮಾಡುತ್ತದೆ. ಕನ್ನಡದಲ್ಲಿ ತುಕ್ಕು 'ಹಿಡಿಯುತ್ತದೆ', ಹುಚ್ಚು ಹಿಡಿಯುವ, ದೆವ್ವ ಹಿಡಿಯುವ ಹಾಗೆ. ಮೇಸ್ತ್ರಿಯ ತಮಿಳಿನಲ್ಲೂ ಅದೇ: ತುರು ಪಿಡಿ. ಹಿಡಿದವರನ್ನು ಬಿಡಿಸುವುದಕ್ಕೆ ಏನು ಮಾಡಬೇಕು ಅನ್ನುವುದರಲ್ಲಿ ಮಾತ್ರ ಅವರಿಬ್ಬರ ನಡುವೆ ಏಳು ವರ್ಷ ಜಗಳ.

ಹೆರಾಲ್ಡ್ ಯಾಕೆ ಅಂತ ಯಾರಾದರೂ ಕೇಳಿದರೆ ಹಾಸನದವರಿಗೆ ಖುಷಿ. 1953ರಲ್ಲಿ ಫಿಶರ್ ಅಂಡ್ ಲಡ್ಲೋ ಎಂಬ ಬಾಡಿ ತಯಾರಕರನ್ನು ಬಿಎಂಸಿ ಕೊಂಡುಬಿಟ್ಟಿತು. ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಇಡೀ ಬಾಡಿಯನ್ನು ಒಂದೇ ಅಚ್ಚಿನಲ್ಲಿ ಮಾಡಿಕೊಡುವವರಿಲ್ಲದಾಯಿತು. ಹಾಗಾಗಿ ಉಳಿದವರೆಲ್ಲ ಚಾಸಿಸ್ ಬಿಟ್ಟು ಮುಂದೆ ಹೋಗುತ್ತಿದ್ದ ಕಾಲದಲ್ಲಿ ಇವರು ಹಳೆಯ ರೀತಿಯ ಪ್ರತ್ಯೇಕ ಚಾಸಿಸ್ ಇಟ್ಟುಕೊಂಡು, ಅದರ ಮೇಲೆ ತುಂಡು ತುಂಡು ಬಾಡಿಯನ್ನು ಬೋಲ್ಟ್ ಹಾಕಿ ಕೂರಿಸಿದರು. ಚಂದ ಮಾಡಿಕೊಟ್ಟವರು ಇಟಲಿಯ ಜೊವಾನಿ ಮಿಕೆಲೋಟಿ. ಮುಂದಿನ ಮಡ್‌ಗಾರ್ಡು, ಬಾನೆಟ್ಟು ಒಟ್ಟಿಗೆ ಒಂದೇ ತುಂಡಾಗಿ ಮುಂದಕ್ಕೆ ತೆರೆದುಕೊಳ್ಳುತ್ತದೆ. ಟೈರಿನ ಮೇಲೆ ಕೂತು ಎಂಜಿನ್ ರಿಪೇರಿ ಮಾಡಬಹುದು. ಸಲೂನ್ ಮಾದರಿಯಲ್ಲಿ ಚಾವಣಿಯನ್ನೂ ಬೋಲ್ಟ್ ಬಿಚ್ಚಿ ಇಬ್ಬರು ಎತ್ತಿ ಪಕ್ಕಕ್ಕಿಡಬಹುದು. ಬಡತನಕ್ಕೆ ಕಂಡುಕೊಂಡ ಉಪಾಯ ಇದು, ಆದರೆ ಅರವತ್ತು ವರ್ಷದ ಮೇಲೆ ರಿಪೇರಿ ಮಾಡುವವನಿಗೆ ವರ.

ಇನ್ನೊಂದು ಕಾರಣವೂ ಇತ್ತು. ಇದೇ ಹೆರಾಲ್ಡ್ 1961ರಿಂದ ಮದ್ರಾಸಿನಲ್ಲೇ ತಯಾರಾಗುತ್ತಿತ್ತು. ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್‌ನ ಕಾರ್ಖಾನೆ ಊರಿನ ದಕ್ಷಿಣಕ್ಕೆ, ಪೆರುಂಗಳತ್ತೂರು-ವಂಡಲೂರು ಕಡೆ. ಹೆಸರು ಸ್ಟ್ಯಾಂಡರ್ಡ್ ಹೆರಾಲ್ಡ್. ಎಂಜಿನ್ ಕೊನೆಯವರೆಗೂ ಅದೇ 948 ಸಿಸಿ. ಇಂಗ್ಲೆಂಡಿನಿಂದ ಪಾರ್ಸೆಲ್ ತರಿಸುವ ಶಕ್ತಿಯಿಲ್ಲದವರಿಗೆ ಇಲ್ಲಿಯ ಒಂದು ಹಳೆಯ ಹೆರಾಲ್ಡ್ ಸಿಕ್ಕರೆ ಅರ್ಧ ಕಾರು ಸಿಕ್ಕಿದ ಹಾಗೆ. ಪುದುಪೇಟೆಯ ಗುಜರಿ ಅಂಗಡಿಗಳಲ್ಲಿ ಮೂರು ವರ್ಷ ಅಲೆದು ಅವರಿಗೆ ಸಿಕ್ಕಿದ್ದು ಎರಡು ಹಬ್‌ಕ್ಯಾಪ್, ಒಂದು ವೈಪರ್ ಮೋಟರ್, ತುಂಬಾ ಸಲಹೆ.

2019ರ ಆಗಸ್ಟಿನಲ್ಲಿ ಮೈಸೂರಿನಿಂದ ಒಂದು ಸುದ್ದಿ ಬಂತು. ನಿವೃತ್ತ ಟೀಚರೊಬ್ಬರ ಮನೆಯ ಶೆಡ್ಡಿನಲ್ಲಿ 1966ರ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಹೊರಗೆ ತೆಗೆದಿಲ್ಲ. ಆಕೆ ಗುಜರಿಯವರಿಗೆ ಕೊಡುವುದಿಲ್ಲ ಅಂತ ಇಬ್ಬರನ್ನು ವಾಪಸು ಕಳಿಸಿದ್ದಾರೆ.

ಹಾಸನದವರು ಹೋಗಿ ನೋಡಿದರು. ಒಣ ಊರು, ಮುಚ್ಚಿದ ಶೆಡ್ಡು. ನೆಲ ಬಡಿದರೆ ಟಣ್ ಅನ್ನುತ್ತಿತ್ತು. ಟೀಚರು ಕಾಫಿ ಕೊಟ್ಟು ಒಂದೇ ಪ್ರಶ್ನೆ ಕೇಳಿದರು: 'ಓಡಿಸ್ತೀರಾ?'

'ಓಡಿಸೋದಕ್ಕೇ ತಗೊಳ್ತಾ ಇರೋದಮ್ಮ' ಅಂದರು ಇವರು. ಸುಳ್ಳೇನಲ್ಲ. ಯಾವುದನ್ನು ಓಡಿಸುವುದು ಅಂತ ಹೇಳಲಿಲ್ಲ, ಅಷ್ಟೇ. ಆಕೆ ಕೇಳಿದ ಬೆಲೆ ಎಷ್ಟು ಕಡಿಮೆಯಿತ್ತೆಂದರೆ, ಇವರು ತಾವಾಗಿಯೇ ಐದು ಸಾವಿರ ಹೆಚ್ಚಿಗೆ ಕೊಟ್ಟು ಬಂದರು. ಆ ಐದು ಸಾವಿರ ಯಾತಕ್ಕೆ ಅಂತ ಅವರಿಗೇ ಆಮೇಲೆ ಅರ್ಥವಾದದ್ದು.

ಲಾರಿಯಿಂದ ಇಳಿಸಿದ ದಿನ ಒಂದು ಎಡವಟ್ಟಾಯಿತು. ಎಂಜಿನ್ ತಿರುಗುತ್ತದೋ ಇಲ್ಲವೋ ನೋಡೋಣ ಅಂತ ಹೊಸ ಬ್ಯಾಟರಿ ಕೊಟ್ಟು, ಪಾಯಿಂಟ್ ಉಜ್ಜಿ, ಪ್ಲಗ್ ಬದಲಿಸಿ, ಕಾರ್ಬ್ಯುರೇಟರಿಗೆ ಬಾಟಲಿಯಿಂದ ಪೆಟ್ರೋಲ್ ಬಿಟ್ಟರು. ಮೂರನೆಯ ಸಲಕ್ಕೆ ಹತ್ತಿಕೊಂಡಿತು. ಸೈಲೆನ್ಸರಿನಿಂದ ಯಾವುದೋ ಹಕ್ಕಿಯ ಗೂಡು ಹಾರಿ ಬಂತು, ನೀಲಿ ಹೊಗೆ, ಆಮೇಲೆ ಹೊಲಿಗೆ ಮಿಷಿನಿನಂಥ ಸದ್ದು. ಸಂತೋಷದಲ್ಲಿ ಹಾಸನದವರು ಹಿಂದೆ ಮುಂದೆ ನೋಡದೆ ಮೈಸೂರಿಗೆ ಫೋನ್ ಮಾಡಿ, ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಟೀಚರು, 'ಚೋಕ್ ಒಳಗೆ ತಳ್ಳಿ, ಜಾಸ್ತಿ ಹೊತ್ತು ಎಳೆದಿಡಬಾರದು' ಅಂದರು.

ಫೋನ್ ಇಟ್ಟ ಮೇಲೆ ಮೇಸ್ತ್ರಿ ಕೇಳಿದರು: 'ಸಾರ್, ಇದನ್ನಾ ಕತ್ತರಿಸೋದು?'

ಇಂಥ ಕಾರಿಗೆ ಗ್ಯಾರೇಜುಗಳಲ್ಲಿ ಡೋನರ್ ಅನ್ನುತ್ತಾರೆ. ದಾನಿ ಎಂಬ ಮಾತು ಅಲ್ಲಿ ಕೂರುವುದಿಲ್ಲ. ಕಾರು ಏನನ್ನೂ ಕೊಡುವುದಿಲ್ಲ, ಕೊಟ್ಟವರು ಬೇರೆ ಯಾರೋ ಆಗಿರುತ್ತಾರೆ, ಅವರನ್ನು ಸರಿಯಾಗಿ ಕೇಳಿರುವುದಿಲ್ಲ. ಆ ಹೊತ್ತಿಗೆ ನಿಲ್ಲಿಸಬಹುದಿತ್ತು. ಒಂದು ತಿಂಗಳ ಕೆಲಸ, ಬ್ರೇಕು, ಟೈರು, ವೈರಿಂಗು ಆಗಿದ್ದರೆ ಮೈಸೂರಿನ ಕಾರು ರಸ್ತೆಗಿಳಿಯುತ್ತಿತ್ತು. ಆದರೆ ತೆರೆದ ಹೆರಾಲ್ಡ್ ಎಷ್ಟು ಅಪರೂಪ, ಮುಚ್ಚಿದ ಹೆರಾಲ್ಡ್ ಎಷ್ಟು ಸಾಮಾನ್ಯ ಎಂಬ ಲೆಕ್ಕ ಹಾಕುತ್ತಾ ಅವರು ಏಳು ತಿಂಗಳು ಕಳೆದರು. 2020ರ ಲಾಕ್‌ಡೌನ್ ಬಂತು. ಮಾಡಲು ಬೇರೇನೂ ಇರಲಿಲ್ಲ. ಮೇಸ್ತ್ರಿಗೆ ದುಡಿಮೆ ಇರಲಿಲ್ಲ, ಅದೂ ಒಂದು ನೆಪ. ಪಾಸು ಸಿಕ್ಕ ಮೇಲೆ ಮೊದಲು ಬಂದದ್ದು ಗ್ರೈಂಡರ್.

ಕೆಲಸ ಹೇಗೆ ನಡೆಯಿತು ಎಂಬುದನ್ನು ಹೇಳಲೇಬೇಕು, ಯಾಕೆಂದರೆ ಅವರ ನಿಜವಾದ ಪ್ರಾಮಾಣಿಕತೆ ಅಲ್ಲಿತ್ತು. ತೆರೆದ ಕಾರಿನಲ್ಲಿ ಚಾವಣಿಯ ಆಸರೆ ಇಲ್ಲ. ನೆಲ ಕತ್ತರಿಸಿದೊಡನೆ ಬಾಡಿ ನಡುವೆ ಕುಸಿಯುತ್ತದೆ, ಬಾಗಿಲು ಮತ್ತೆ ಜನ್ಮದಲ್ಲಿ ಮುಚ್ಚುವುದಿಲ್ಲ. ಅದಕ್ಕೆ ಬಾಗಿಲಿನ ತೆರಪಿಗೆ ಅಡ್ಡಡ್ಡ ಕಬ್ಬಿಣದ ಪೈಪು ವೆಲ್ಡ್ ಮಾಡಿ, ಅಳತೆಗಳನ್ನೆಲ್ಲ ಗೋಡೆಯ ಮೇಲೆ ಬರೆದು, ಆಮೇಲೆ ಒಂದೊಂದೇ ತುಂಡು ಬಿಡಿಸಿದರು. ಎರಡೂ ಬದಿ ಒಟ್ಟಿಗೆ ತೆಗೆಯುವಂತಿಲ್ಲ. ಮೈಸೂರಿನ ಕಾರಿನಿಂದ ಬೇಕಾದ್ದಕ್ಕಿಂತ ಒಂದು ಇಂಚು ಹೆಚ್ಚು ಕತ್ತರಿಸಿಕೊಳ್ಳಬೇಕು. ಕಡಿಮೆಯಾದರೆ ಮತ್ತೆ ಕೇಳಲು ಇನ್ನೊಂದು ಕಾರಿಲ್ಲ. ಹೀಗೆ ಕಾಲಿಡುವ ಜಾಗದ ತಗಡು, ಹಿಂದಿನ ನೆಲ, ಬಲಗಡೆಯ ಚಕ್ರದ ಕಮಾನು, ಎರಡೂ ಬಾಗಿಲುಗಳ ಕೆಳಗಿನ ಅರ್ಧ, ಡಿಕ್ಕಿಯ ತಳ ಈಚೆ ಬಂದವು. ಹುಡ್ ಮಡಚಿ ಕೂರುವ ಹಿಂದಿನ ಭಾಗ ಮಾತ್ರ ಸಲೂನಿನಲ್ಲಿ ಇರುವುದೇ ಇಲ್ಲ. ಅದನ್ನು ಮೇಸ್ತ್ರಿ ರಟ್ಟಿನಲ್ಲಿ ಮಾದರಿ ಮಾಡಿ, ತಗಡನ್ನು ಮರಳ ಚೀಲದ ಮೇಲೆ ಬಡಿದು ಬಡಿದು ಹನ್ನೊಂದು ದಿನದಲ್ಲಿ ರೂಪಿಸಿದರು.

ಬೋಲ್ಟುಗಳ ಕತೆ ಬೇರೆ. ಅವೆಲ್ಲ ಇಂಚಿನ ಲೆಕ್ಕದವು. ಅರ್ಧ ಇಂಚೆಂದರೆ 12.7 ಮಿಲಿಮೀಟರ್, ನಮ್ಮ 13ರ ಸ್ಪ್ಯಾನರ್ ಹೋಗುತ್ತದೆ, ಆದರೆ ತುಕ್ಕು ಹಿಡಿದ ನಟ್ಟಿನ ಮೂಲೆ ಸವೆಸಿ ಜಾರುತ್ತದೆ. ಪಕ್ಕದ ಹುಡುಗನೊಬ್ಬ ಸಹಾಯಕ್ಕೆ ಬಂದು ಒಂದೇ ಮಧ್ಯಾಹ್ನ ಆರು ನಟ್ಟು ಗುಂಡಗೆ ಮಾಡಿದ ಮೇಲೆ ಮೆಟ್ರಿಕ್ ಸ್ಪ್ಯಾನರುಗಳಿಗೆ ಶೆಡ್ಡಿನಲ್ಲಿ ಪ್ರವೇಶ ನಿಷೇಧವಾಯಿತು. ಎಲ್ಲವನ್ನೂ ಡೋನರಿನಿಂದ ತೆಗೆದುಕೊಳ್ಳಲೂ ಬಾರದು. ಹೆರಾಲ್ಡಿನ ಮುಂದಿನ ಚಕ್ರ ತಿರುಗುವುದು ಟ್ರನಿಯನ್ ಎಂಬ ಮರೆಯುಳ್ಳ ತುಂಡಿನ ಮೇಲೆ. ಎಡಕ್ಕೆ ಎಡಮರೆ, ಬಲಕ್ಕೆ ಬಲಮರೆ. ಅದಕ್ಕೆ ಗ್ರೀಸ್ ಅಲ್ಲ, ಗೇರ್ ಆಯಿಲ್ ಹಾಕಬೇಕು. ನಮ್ಮ ಗ್ಯಾರೇಜುಗಳಲ್ಲಿ ಗ್ರೀಸ್ ಗನ್ ಕಂಡಲ್ಲೆಲ್ಲ ಗ್ರೀಸೇ ಹೋಗುತ್ತದೆ. ಒಳಗೆ ನೀರು ನಿಂತು ತುಕ್ಕು ಹತ್ತಿ ಒಂದು ದಿನ ಅದು ಮುರಿದರೆ ಚಕ್ರ ಮಡಚಿಕೊಳ್ಳುತ್ತದೆ. ಇದೊಂದನ್ನು ಮಾತ್ರ ಅವರು ಸಾಲ ಮಾಡಿ ಇಂಗ್ಲೆಂಡಿನಿಂದ ಹೊಸದನ್ನೇ ತರಿಸಿದರು.

ಚಾಸಿಸ್ ಪ್ರಶ್ನೆ ಕೊನೆಗೆ ಬಂತು. ಕೊಟ್ಟೂರುಪುರದ ಚಾಸಿಸ್ಸಿನ ಬದಿಯ ತೋಳುಗಳು ಉದುರಿದ್ದವು. ಮೂಲೆಯಿಂದ ಮೂಲೆಗೆ ಅಳೆದರೆ ಒಂಬತ್ತು ಮಿಲಿಮೀಟರ್ ವ್ಯತ್ಯಾಸ. ಮೈಸೂರಿನದು ನೆಟ್ಟಗಿತ್ತು. ಮೊದಲ ದಿನದಿಂದ ಇದ್ದ ಯೋಜನೆ ಅದನ್ನೇ ಕೆಳಗೆ ಇಡುವುದು. ಅಷ್ಟರಲ್ಲಿ, 2021ರ ಜುಲೈಯಲ್ಲಿ, ವಿಂಟೇಜ್ ವಾಹನಗಳ ಹೊಸ ನಿಯಮ ಬಂತು: ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ, ಚಾಸಿಸ್, ಬಾಡಿ, ಎಂಜಿನ್ ಮಾರ್ಪಡಿಸದ ಕಾರುಗಳಿಗೆ 'ವಿಎ' ಎಂಬ ಪ್ರತ್ಯೇಕ ನಂಬರು. ಗ್ಯಾರೇಜಿನವರೊಬ್ಬರು ಬಂದು, 'ಅದಕ್ಕೇನು ಸಾರ್, ಬಲ್ಕ್‌ಹೆಡ್ ಮೇಲಿನ ಪ್ಲೇಟು ತಾನೇ? ಎರಡು ರಿವೆಟ್ಟು. ಯಾರು ನೋಡ್ತಾರೆ?' ಅಂದರು.

ಯಾರೂ ನೋಡುವುದಿಲ್ಲ ಎಂಬುದು ನಿಜ. ಹಾಸನದವರು ಆ ರಾತ್ರಿ ಊಟ ಮಾಡಲಿಲ್ಲ ಅಂತ ಅವರ ಹೆಂಡತಿ ಹೇಳುತ್ತಾರೆ. ಮಾರನೆಯ ದಿನ ನೆಟ್ಟಗಿದ್ದ ಚಾಸಿಸ್ಸನ್ನು ಗೋಡೆಗೆ ಒರಗಿಸಿಟ್ಟು, ಕೊಳೆತದ್ದನ್ನು ಜಿಗ್ ಮೇಲೆ ಬಿಗಿದು ಒಂದೊಂದೇ ತೋಳು ಹೊಸದಾಗಿ ಮಡಚಿಸಿ ವೆಲ್ಡ್ ಮಾಡಿಸಲು ಶುರು ಮಾಡಿದರು. ಹದಿನಾಲ್ಕು ತಿಂಗಳು ಹಿಡಿಯಿತು. ಪ್ರವಾಹದಲ್ಲಿ ಕಚ್ಚಿಕೊಂಡಿದ್ದ ಅದರದೇ ಎಂಜಿನ್ನನ್ನೂ ಬಿಡಿಸಿ ಬೋರ್ ಮಾಡಿಸಿದರು. ಇಷ್ಟೆಲ್ಲ ಪ್ಯಾಚು ಹಾಕಿದ ಕಾರು ನಿಯಮದ ಕಣ್ಣಿಗೆ 'ಮೂಲ'ವೋ ಅಲ್ಲವೋ, ಅದನ್ನು ತಪಾಸಣೆ ಮಾಡುವವರು ಹೇಳಲಿ, ತಾನು ಪ್ಲೇಟು ಕೀಳುವುದಿಲ್ಲ ಎಂಬುದು ಅವರ ಹಟ. ಈ ಹಟ ಎರಡು ವರ್ಷ ಮೊದಲು ಬಂದಿದ್ದರೆ ಮೈಸೂರಿನ ಕಾರಿಗೂ ಏನಾದರೂ ಉಪಯೋಗವಾಗುತ್ತಿತ್ತೇನೋ.

ಪ್ರತಿ ಯುಗಾದಿಗೆ ಟೀಚರ ಫೋನು ಬರುತ್ತಿತ್ತು. 'ಗಾಡಿ ಹೇಗಿದೆ?' 'ಕೆಲಸ ನಡೀತಾ ಇದೆಯಮ್ಮ.' ಅದೂ ಸುಳ್ಳಲ್ಲ.

ಕೊನೆಗೆ ಕಾಗದವೇ ಅವರನ್ನು ಹಿಡಿದು ಹಾಕಿತು. ಮೈಸೂರಿನ ಕಾರಿನ ಆರ್‌ಸಿ ಇನ್ನೂ ಟೀಚರ ಗಂಡನ ಹೆಸರಿನಲ್ಲೇ ಇತ್ತು, 'ಎಂವೈ'ಯಿಂದ ಶುರುವಾಗುವ, ರಾಜ್ಯಕ್ಕೆ ಮೈಸೂರು ಎಂಬ ಹೆಸರಿದ್ದ ಕಾಲದ ನಂಬರು. ಇನ್ನು ಓಡಲಾಗದ ವಾಹನದ ನೋಂದಣಿಯನ್ನು ರದ್ದು ಮಾಡಿಸಬೇಕು. ಕಾನೂನು ಕೊಡುವುದು ಹದಿನಾಲ್ಕು ದಿನ, ಇವರು ತೆಗೆದುಕೊಂಡದ್ದು ಮೂರು ವರ್ಷ. ಸಹಿ ಟೀಚರದೇ ಬೇಕು. 2023ರ ಬೇಸಿಗೆಯಲ್ಲಿ ಅರ್ಜಿ ಹಿಡಿದು ಶತಾಬ್ದಿ ಹತ್ತಿದರು. ಫೋನಿನಲ್ಲಿ ಹೇಳಿ ಅಂಚೆಯಲ್ಲಿ ಕಳಿಸಬಹುದಿತ್ತು. ಹಾಗೆ ಮಾಡಲಿಲ್ಲ ಅನ್ನುವುದನ್ನು ಅವರ ಲೆಕ್ಕಕ್ಕೆ ಹಾಕಬೇಕು.

ಟೀಚರು ಕನ್ನಡಕ ಹಾಕಿಕೊಂಡು ಅರ್ಜಿಯನ್ನು ಪೂರ್ತಿ ಓದಿದರು, ಉತ್ತರಪತ್ರಿಕೆ ಓದುವ ಹಾಗೆ, ಬೆರಳಿಟ್ಟು. 'ಶಾಶ್ವತವಾಗಿ ಬಳಕೆಗೆ ಅಯೋಗ್ಯ' ಎಂಬ ಕಡೆ ಬೆರಳು ನಿಂತಿತು. 'ಅವತ್ತು ಸ್ಟಾರ್ಟ್ ಆಗಿತ್ತಲ್ಲ' ಅಂದರು.

ಇವರು ಎಲ್ಲ ಹೇಳಿದರು. ಕನ್ವರ್ಟಿಬಲ್ ಎಷ್ಟು ಅಪರೂಪ ಅಂತ ಶುರು ಮಾಡಿ, ಆ ಮಾತು ಆ ಹಾಲಿನಲ್ಲಿ ಎಷ್ಟು ಸಣ್ಣದಾಗಿ ಕೇಳುತ್ತಿದೆ ಅಂತ ಗೊತ್ತಾಗಿ, ನಡುವೆ ಬಿಟ್ಟರು. ಎಂಜಿನ್ ಇನ್ನೂ ಹಾಗೇ ಇದೆ, ಬೇಕಾದರೆ ತಂದುಕೊಡುತ್ತೇನೆ ಅಂದರು. 'ಎಂಜಿನ್ ಇಟ್ಕೊಂಡು ನಾನೇನು ಮಾಡಲಿ?' ಫೋನಿನಲ್ಲಿ ಫೋಟೋ ತೋರಿಸಿದರು: ಕೆನೆ ಬಣ್ಣದ ತೆರೆದ ಕಾರು, ಹೊಸ ಸೀಟು. ಟೀಚರು ಫೋಟೋವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿದರು. ಸ್ಟಿಯರಿಂಗ್ ಚಕ್ರದ ಎಡಬದಿಗೆ, ಒಡಕಿದ್ದ ಕಡೆ, ಕಪ್ಪು ನೈಲಾನ್ ದಾರ ಒತ್ತೊತ್ತಾಗಿ ಸುತ್ತಿತ್ತು. 'ಇದು ನಮ್ಮನೆಯವರು ಸುತ್ತಿದ್ದು. ಮಡಿಕೇರಿಗೆ ಹೋಗೋ ಹಿಂದಿನ ದಿನ.'

ಸಹಿ ಹಾಕಿದರು. 'ನೀವು ಅವತ್ತೇ ಹೇಳಬೇಕಿತ್ತು' ಅಂದರು. ಹೇಳಿದ್ದರೆ ಕೊಡುತ್ತಿದ್ದರೋ ಇಲ್ಲವೋ ಅಂತ ಇವರು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊರಡುವಾಗ ಗೇಟಿನ ತನಕ ಬಂದು, 'ಆ ಚಕ್ರ ವಾಪಸ್ ಕೊಡಿ' ಅಂದರು.

ವಾರದೊಳಗೆ ಸ್ಟಿಯರಿಂಗ್ ಚಕ್ರ ಹತ್ತಿ ಬಟ್ಟೆ ಸುತ್ತಿಕೊಂಡು, ಮರದ ಪೆಟ್ಟಿಗೆಯಲ್ಲಿ ಮೈಸೂರಿಗೆ ಹೋಯಿತು. ತಲುಪಿತು ಎಂದು ಒಂದು ಸಾಲಿನ ಮೆಸೇಜು ಬಂತು. ಆಮೇಲಿನ ಯುಗಾದಿಗೆ ಫೋನು ಬರಲಿಲ್ಲ.

ಕೊಟ್ಟೂರುಪುರದ ಕಾರಿನ ಮೂಲ ಚಕ್ರ ಬಿಸಿಲಿಗೆ ಐದು ಕಡೆ ಬಿರಿದು ಅಟ್ಟದ ಮೇಲೆ ಬಿದ್ದಿತ್ತು. ಹಾಸನದವರು ಅದನ್ನು ಇಳಿಸಿ, ಬಿರುಕುಗಳನ್ನು ಹ್ಯಾಕ್‌ಸಾದಿಂದ ಅಗಲ ಮಾಡಿ, ಎಪಾಕ್ಸಿ ತುಂಬಿ, ಒಣಗಲು ಬಿಟ್ಟಿದ್ದಾರೆ. ಮೂರು ಬಿರುಕು ಆಯಿತು. ಇನ್ನೆರಡು ಇವೆ.